ಹಿಂಬಾಗಿಲಿಗೊಬ್ಬಳು ಓಬವ್ವ

ಪ್ರತಿ ವರ್ಷ ರಾಜ್ಯೋತ್ಸವದ ಸಂಚಿಕೆಯ ಹೊತ್ತಿಗೆ ಸಂಪಾದಕ ಮಿತ್ರರಿಂದ ನನಗೆ ಫೋನ್ ಬರುತ್ತದೆ. "ಡಾಕ್ಟ್ರೇ, ಈ ಸಲವೂ ಸಕ್ಕರೆ ಕಾಯಿಲೆ ಮೇಲೆ ಒಂದು ಲೇಖನ ಕೊಟ್ಟುಬಿಡಿ." ನಾನೂ ಕೊಡುತ್ತೇನೆ. ಓದಿದವರು ಬಹಳ ಉಪಯುಕ್ತವಾಗಿದೆ ಎಂದು ಹೊಗಳುತ್ತಲೇ ಎರಡನೇ ಹೋಳಿಗೆ ಹಾಕಿಸಿಕೊಳ್ಳುತ್ತಾರೆ. ಹಾಗಾಗಿ ಈ ಸಲ ವಿಷಯ ಬದಲಾಯಿಸಿದ್ದೇನೆ. ಇದು ಕಂಪ್ಯೂಟರಿನ ವಿಷಯ. ಎಂ.ಬಿ.ಬಿ.ಎಸ್., ಎಂ.ಡಿ. ಓದಿದವನಿಗೆ ಇದರ ಉಸಾಬರಿ ಏಕೆಂದು ನೀವು ಕೇಳಬಹುದು. ಕಾರಣವಿದೆ, ಹೇಳುತ್ತೇನೆ. ಇನ್ಸುಲಿನ್ ಇದರಲ್ಲೂ ಬರುತ್ತದೆ, ಆದ್ದರಿಂದ ಸಂಪಾದಕರಿಗೆ ಪೂರ್ತಿ ನಿರಾಸೆಯಾಗದು.

ಕೆಲವು ವರ್ಷಗಳ ಹಿಂದಿನ ಮಾತು. ನಾನು ವಾರ್ಷಿಕ ರಜೆಯಲ್ಲಿ ದಾವಣಗೆರೆಗೆ ಹೋಗಿದ್ದೆ, ಅಕ್ಕನ ಮಗಳ ಮದುವೆ. ಆರತಕ್ಷತೆಯ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದೆ, ಆಗ ನಾನು ಕೆಲಸ ಮಾಡುವ ಆಸ್ಪತ್ರೆಯಿಂದ ಫೋನ್ ಬಂತು. ವಾರ್ಡಿನ ಹಿರಿಯ ಸಿಸ್ಟರ್, ಕೊಟ್ಟಾಯಂ ಕಡೆಯವರು. "ಡಾಕ್ಟರ್, ರಜೆ ಮುಗಿಸಿ ಬಂದುಬಿಟ್ಟಿರಾ?" ಎಂದರು. ಇಲ್ಲವಲ್ಲ ಎಂದೆ. "ಹಾಗಾದರೆ ಈ ಆರ್ಡರ್ ಯಾರದು?"

ನನ್ನ ಹೆಸರಿನಲ್ಲಿ, ನನ್ನ ಸಿಬ್ಬಂದಿ ಸಂಖ್ಯೆಯೊಂದಿಗೆ, ಅರ್ಧ ಗಂಟೆಯ ಹಿಂದೆ ಫಾರ್ಮಸಿಗೆ ಒಂದು ಆದೇಶ ಹೋಗಿತ್ತು. ನನ್ನ ಹಳೆಯ ರೋಗಿಯೊಬ್ಬರಿಗೆ ಮಲಗುವ ಮುನ್ನ 40 ಯೂನಿಟ್ ಇನ್ಸುಲಿನ್. ಆ ಅಜ್ಜನಿಗೆ ನಾನು ಕೊಡುತ್ತಿದ್ದುದು 8 ಯೂನಿಟ್. ಮೂತ್ರಪಿಂಡಗಳು ಸೋತಿದ್ದವು. ಅಂಥವರಲ್ಲಿ ಇನ್ಸುಲಿನ್ ದೇಹದಿಂದ ಬೇಗ ಹೊರಹೋಗುವುದಿಲ್ಲ. 40 ಕೊಟ್ಟಿದ್ದರೆ ಬೆಳಗಿನ ಜಾವದೊಳಗೆ ಸಕ್ಕರೆ ಪಾತಾಳಕ್ಕಿಳಿದು, ಫಜ್ರ್ ನಮಾಜಿಗೆ ಎಬ್ಬಿಸಲು ಹೋದ ಮಗನಿಗೆ ಎಚ್ಚರವಿಲ್ಲದ ತಂದೆ ಸಿಗುತ್ತಿದ್ದರು. ಸಿಸ್ಟರ್‌ಗೆ ಆ ಅಂಕಿ ಕಂಡು ಅನುಮಾನ ಬಂದಿತ್ತು. ಔಷಧ ಕೊಡದೆ ತಡೆದರು. ನನ್ನ ಬಾಯಲ್ಲಿದ್ದ ಅಡಿಕೆ ಅಲ್ಲೇ ಒಣಗಿತು.

ರಜೆಯಿಂದ ಹಿಂತಿರುಗಿದ ಮೇಲೆ ವಿಚಾರಣೆ. ಮೊದಲ ಪ್ರಶ್ನೆಯೇ, "ನಿಮ್ಮ ಪಾಸ್‌ವರ್ಡ್ ಯಾರಿಗಾದರೂ ಕೊಟ್ಟಿದ್ದಿರಾ?" ಕೊಟ್ಟಿರಲಿಲ್ಲ. (ಬಹಳ ಹಿಂದೆ ಅದನ್ನು ಚೀಟಿಯಲ್ಲಿ ಬರೆದು ಕೀಬೋರ್ಡಿನ ಅಡಿ ಅಂಟಿಸಿಡುತ್ತಿದ್ದುದು ನಿಜ. ಅದನ್ನು ಅಲ್ಲಿ ಹೇಳಲಿಲ್ಲ, ಇಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ.) ನನ್ನನ್ನು ಉಳಿಸಿದ್ದು ಅಬ್‌ಶಿರ್. ನಾನು ಯಾವ ದಿನ ದೇಶ ಬಿಟ್ಟೆ, ಯಾವ ದಿನ ಮರಳಿದೆ ಎಂಬ ಸರ್ಕಾರಿ ದಾಖಲೆ ಅಲ್ಲಿತ್ತು. ನನ್ನ ಆಸ್ಪತ್ರೆಯ ಕಂಪ್ಯೂಟರಿಗೆ ನಾನು ಯಾರೆಂದು ಗೊತ್ತಿರಲಿಲ್ಲ, ವಿಮಾನ ನಿಲ್ದಾಣದ ಕಂಪ್ಯೂಟರಿಗೆ ಗೊತ್ತಿತ್ತು!

ಕೊನೆಗೆ ತಿಳಿದದ್ದೇನೆಂದರೆ, ಇದರಲ್ಲಿ ಕಳ್ಳನೇ ಇರಲಿಲ್ಲ. ಎರಡು ವರ್ಷ ಹಿಂದೆ ಹೊಸ ವ್ಯವಸ್ಥೆ ಅಳವಡಿಸುವಾಗ ಪರೀಕ್ಷೆಗೆ ಒಬ್ಬ ವೈದ್ಯರು ಬೇಕಾಗಿದ್ದರು. ಉತ್ಸಾಹದಿಂದ ಕೈ ಎತ್ತಿದವನು ನಾನೇ. ನನ್ನ ಸಂಖ್ಯೆ, ನನ್ನ ಒಬ್ಬ ರೋಗಿಯ ಫೈಲ್ ಸಂಖ್ಯೆ, ಬಾಯಿಗೆ ಬಂದ ಒಂದು ಡೋಸ್ ಹಾಕಿ ಪ್ರಯೋಗ ಮಾಡಿದ್ದರು. ಆ ಪ್ರಯೋಗದ ಪ್ರೋಗ್ರಾಂ ಒಂದು ಹಳೆಯ ಕಂಪ್ಯೂಟರಿನಲ್ಲಿ ಮಲಗಿತ್ತು. ಯಾರೋ ವಿದ್ಯುತ್ ದುರಸ್ತಿಯ ನಂತರ ಅದನ್ನು ಮತ್ತೆ ಚಾಲೂ ಮಾಡಿದರು. ಅದು ನಿದ್ದೆಯಿಂದೆದ್ದು ತನ್ನ ಹಳೆಯ ಬಾಕಿ ಕೆಲಸವನ್ನು ನಿಷ್ಠೆಯಿಂದ ಮುಗಿಸಿತು. ಅಷ್ಟರಲ್ಲಿ ಅದೇ ಅಜ್ಜ ಮತ್ತೆ ದಾಖಲಾಗಿದ್ದರು.

ನನಗೆ ಅರ್ಥವಾಗದಿದ್ದುದು ಒಂದೇ. ನಾವು ವೈದ್ಯರು ಒಳಗೆ ಹೋಗಬೇಕಾದರೆ ಪಾಸ್‌ವರ್ಡ್, ಮೊಬೈಲಿಗೆ ಕೋಡ್, ಸಾಕಪ್ಪಾ ಸಾಕು ಎನ್ನುವಷ್ಟು ತಪಾಸಣೆ. ಈ ಹಳೆಯ ಡಬ್ಬಕ್ಕೆ ಯಾವುದೂ ಇಲ್ಲವೇ?

ಇದನ್ನು ನನಗೆ ಬಿಡಿಸಿ ಹೇಳಿದವರು ನಮ್ಮ ಸಂಘದ ಒಬ್ಬ ಹುಡುಗ, ಹಾಸನದ ಕಡೆಯವನು, ಕ್ಲೌಡ್ ಕಂಪ್ಯೂಟಿಂಗ್ ಕೆಲಸ. ಶುಕ್ರವಾರ ಸಂಜೆ ಅಲ್ ಖೋಬರ್ ಕಾರ್ನಿಶ್‌ನಲ್ಲಿ ಫ್ಲಾಸ್ಕಿನ ಕಾಫಿ ಹಂಚಿಕೊಂಡು ಕುಳಿತಿದ್ದೆವು. ಅವನು ಕೇಳಿದ, "ಸಾರ್, ನೀವು ಚಿತ್ರದುರ್ಗದ ಕೋಟೆ ನೋಡಿದ್ದೀರಲ್ಲ?" ನಾನು ದಾವಣಗೆರೆಯಲ್ಲಿ ಓದಿದವನು, ಎಷ್ಟು ಸಲ ಹತ್ತಿದ್ದೇನೋ ಲೆಕ್ಕವಿಲ್ಲ. "ಏಳು ಸುತ್ತಿನ ಕೋಟೆ. ಅಷ್ಟು ಬಾಗಿಲು, ಅಷ್ಟು ಕಾವಲು. ಹೈದರಾಲಿಯ ಸೈನಿಕರು ಎಲ್ಲಿಂದ ನುಗ್ಗಲು ನೋಡಿದರು?" ಕಿಂಡಿಯಿಂದ ಎಂದೆ. "ನಿಮ್ಮ ಆಸ್ಪತ್ರೆಯಲ್ಲಿ ಆದದ್ದೂ ಅದೇ."

ಅವನು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ, ತಪ್ಪಿದ್ದರೆ ಐಟಿ ಮಿತ್ರರು ಮನ್ನಿಸಬೇಕು. ಆಸ್ಪತ್ರೆಯ ಎದುರು ಬಾಗಿಲಿಗೆ ಎಪಿಐ ಗೇಟ್‌ವೇ ಎನ್ನುತ್ತಾರೆ. ವೈದ್ಯರ ಮೊಬೈಲ್, ವಾರ್ಡಿನ ಕಂಪ್ಯೂಟರ್, ಎಲ್ಲ ಕೋರಿಕೆಗಳೂ ಅಲ್ಲಿಗೆ ಬಂದು, ತಪಾಸಣೆಯಾಗಿ ಒಳಗೆ ಹೋಗಬೇಕು. ಒಳಗೆ ಫಾರ್ಮಸಿ, ಲ್ಯಾಬ್, ಬಿಲ್ಲಿಂಗ್ ಎಂದು ಬೇರೆ ಬೇರೆ ಸೇವೆಗಳು, ಅವಕ್ಕೆ ಬ್ಯಾಕೆಂಡ್ ಎಂದು ಹೆಸರು. ನಮ್ಮಲ್ಲಿ ಎದುರು ಬಾಗಿಲು ಭದ್ರವಾಗಿತ್ತು. ಆದರೆ ಫಾರ್ಮಸಿಗೆ ತನ್ನದೇ ಒಂದು ಒಳ ವಿಳಾಸವಿತ್ತು, ಗೇಟ್‌ವೇಯನ್ನು ಬಳಸಿಕೊಂಡು ಹೋಗಿ ನೇರವಾಗಿ ಅದರ ಕದ ತಟ್ಟಬಹುದಿತ್ತು. ಅಲ್ಲಿ ಕೇಳುತ್ತಿದ್ದುದು ಒಂದೇ ಒಂದು ರಹಸ್ಯ ಪದ, ಎಲ್ಲ ಪ್ರೋಗ್ರಾಂಗಳಿಗೂ ಅದೇ. ಅದು ಫೈಲಿನಲ್ಲಿ ಬರೆದಿಟ್ಟ ಕೀಲಿ, ಅವಧಿ ಮುಗಿಯುವ ಮಾತೇ ಇಲ್ಲ. ಕೀಲಿ ಯಾರ ಕೈಯಲ್ಲಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಲಾಗ್ ತೆಗೆದು ನೋಡಿದರೆ "ಕೀಲಿ ಬಂತು, ತೆರೆದೆ" ಎಂದಷ್ಟೇ ಇತ್ತು. ಆದೇಶದ ಮೇಲೆ ನನ್ನ ಹೆಸರು ಬರೆದಿತ್ತು, ಫಾರ್ಮಸಿ ನಂಬಿತು.

ಹಾಗಾದರೆ ಉಪಾಯವೇನು? "ನಿಮ್ಮ ಸರ್ಟಿಫಿಕೇಟ್ ಅಟೆಸ್ಟೇಷನ್ ನೆನಪಿದೆಯಾ ಸಾರ್?" ಎಂದ. ಮರೆಯುವುದುಂಟೇ! 2001ರಲ್ಲಿ ಇಲ್ಲಿಗೆ ಬರುವಾಗ ನನ್ನ ಪದವಿ ಪತ್ರದ ಹಿಂಬದಿ ಸೀಲುಗಳಿಂದ ತುಂಬಿಹೋಗಿತ್ತು. ಸೌದಿ ಅಧಿಕಾರಿಗೆ ದಾವಣಗೆರೆ ಎಲ್ಲಿದೆ ಎಂದು ಗೊತ್ತಿರಬೇಕಿಲ್ಲ. ಅವರು ತಮ್ಮ ರಾಯಭಾರ ಕಚೇರಿಯ ಸೀಲನ್ನು ನಂಬುತ್ತಾರೆ, ರಾಯಭಾರ ಕಚೇರಿ ದೆಹಲಿಯ ವಿದೇಶಾಂಗ ಸಚಿವಾಲಯವನ್ನು, ಸಚಿವಾಲಯ ಬೆಂಗಳೂರನ್ನು. (2022ರ ಡಿಸೆಂಬರ್‌ನಲ್ಲಿ ಸೌದಿಗೂ ಅಪೊಸ್ಟೈಲ್ ಒಪ್ಪಂದ ಅನ್ವಯವಾಯಿತು. ಈಗಿನ ಹುಡುಗರು ಪುಣ್ಯವಂತರು.) ಫೆಡರೇಟೆಡ್ ಐಡೆಂಟಿಟಿ ಎಂದರೆ ಹೆಚ್ಚುಕಡಿಮೆ ಇದೇ. ನನ್ನನ್ನು ಬಲ್ಲ ಒಂದು ಸಂಸ್ಥೆ ಪ್ರಮಾಣಿಸುತ್ತದೆ, ಆ ಸಂಸ್ಥೆಯನ್ನು ನಂಬುವವರು ನನ್ನನ್ನು ಒಪ್ಪುತ್ತಾರೆ. ನಾವೆಲ್ಲ ಬಳಸುವ ನಫಾಥ್ ಕೂಡ ಇದೇ ಜಾತಿಯದು. ಬೇರೆ ಬೇರೆ ಜಾಲತಾಣಗಳಿಗೆ ಬೇರೆ ಬೇರೆ ಗುಟ್ಟು ಕೊಡುವುದಿಲ್ಲ, ಇಕಾಮಾ ಸಂಖ್ಯೆ ಕೊಟ್ಟು, ಪರದೆಯಲ್ಲಿ ಕಂಡ ಸಂಖ್ಯೆಯನ್ನೇ ಆಪ್‌ನಲ್ಲಿ ಒಪ್ಪುತ್ತೇವೆ. (ಒಂದು ಮಾತು: ಯಾರಾದರೂ ಫೋನ್ ಮಾಡಿ ಇಂಥ ಸಂಖ್ಯೆಯನ್ನು ಒಪ್ಪಿ ಎಂದರೆ ದಯವಿಟ್ಟು ಒಪ್ಪಬೇಡಿ. ನೀವಾಗಿ ಕೇಳದ ಬಾಗಿಲು ತೆರೆಯುತ್ತಿದೆ ಎಂದರೆ ಒಳಗೆ ಹೋಗುತ್ತಿರುವವರು ಬೇರೆಯವರು.)

ಇದೇ ಪದ್ಧತಿ ಮನುಷ್ಯರಿಗೆ ಮಾತ್ರವಲ್ಲ, ಪ್ರೋಗ್ರಾಂಗಳಿಗೂ ಇದೆಯಂತೆ. ಇದು ನನಗೆ ಹೊಸದು. ಪ್ರತಿ ಪ್ರೋಗ್ರಾಂಗೂ ತನ್ನದೇ ಒಂದು ಇಕಾಮಾ ಇದ್ದ ಹಾಗೆ! ಕೀಲಿಯನ್ನು ಫೈಲಿನಲ್ಲಿ ಬರೆದಿಡುವುದೇ ಇಲ್ಲ. ಪ್ರೋಗ್ರಾಂ ತಾನಿರುವ ಜಾಗದ ಗುರುತು ತೋರಿಸಿ ಕ್ಲೌಡಿನಿಂದ ಒಂದು ಟೋಕನ್ ಪಡೆಯುತ್ತದೆ. ಅದರಲ್ಲಿ ಕೊಟ್ಟವರು ಯಾರು, ಯಾರಿಗೆ ಕೊಟ್ಟದ್ದು, ಯಾವ ಸೇವೆಗೆ ಮಾತ್ರ, ಎಷ್ಟು ಹೊತ್ತಿನವರೆಗೆ ಎಂಬುದಿರುತ್ತದೆ. ಅವಧಿ ಸಾಮಾನ್ಯವಾಗಿ ಒಂದು ಗಂಟೆಯಷ್ಟು. ಕೆಳಗೆ ಗಣಿತದ ಸಹಿ, ಯಾರು ಬೇಕಾದರೂ ಪರೀಕ್ಷಿಸಬಹುದು, ಹಾಕಲು ಮಾತ್ರ ಕೊಟ್ಟವರಿಗೇ ಸಾಧ್ಯ. ಲ್ಯಾಬಿಗೆಂದು ಕೊಟ್ಟ ಟೋಕನ್ ಫಾರ್ಮಸಿಯಲ್ಲಿ ನಡೆಯದು. ಗೇಟ್‌ವೇ ಕೂಡ ತನ್ನ ಸ್ವಂತ ಗುರುತು ತೋರಿಸಿಯೇ ಫಾರ್ಮಸಿಯೊಡನೆ ಮಾತನಾಡಬೇಕು, ಬೇರೆ ಯಾರು ನೇರವಾಗಿ ಬಂದರೂ ಫಾರ್ಮಸಿ ತಿರಸ್ಕರಿಸುತ್ತದೆ. ಜೊತೆಗೆ ಮೂಲ ವೈದ್ಯನ ಗುರುತೂ ಹೋಗಬೇಕು, ಇಲ್ಲದಿದ್ದರೆ ಫಾರ್ಮಸಿಗೆ ಎಲ್ಲ ಆದೇಶವೂ ಗೇಟ್‌ವೇಯದೇ ಎಂದು ಕಾಣುತ್ತದೆ. ನಮ್ಮ ಹಳೆಯ ಡಬ್ಬಕ್ಕೆ ಇಕಾಮಾ ಇಲ್ಲ, ಟೋಕನ್ ಸಿಗುತ್ತಿರಲಿಲ್ಲ, ಅದರ 40 ಯೂನಿಟ್ ಅಲ್ಲೇ ಬಾಗಿಲಲ್ಲಿ ಬಿದ್ದುಹೋಗುತ್ತಿತ್ತು.

ಓಬವ್ವನಿಗೆ ಕೋಟೆಯ ಮುಂಬಾಗಿಲ ಕಾವಲಿನ ಮೇಲೆ ಅಪನಂಬಿಕೆ ಇರಲಿಲ್ಲ. ಗಂಡ ಊಟಕ್ಕೆ ಕೂತಿದ್ದ, ನೀರಿಗೆಂದು ಹೋದವಳು ಕಿಂಡಿಯಲ್ಲಿ ತಲೆ ಕಂಡಳು, ಒನಕೆ ಎತ್ತಿದಳು, ಅಷ್ಟೆ. 1972ರ 'ನಾಗರಹಾವು' ಚಿತ್ರದಲ್ಲಿ ಜಯಂತಿಯವರನ್ನು ನೋಡಿ ಬೆಳೆದ ನಮ್ಮ ಪೀಳಿಗೆಗೆ ಇದಕ್ಕಿಂತ ಚೆನ್ನಾಗಿ ಬ್ಯಾಕೆಂಡ್ ಸೆಕ್ಯುರಿಟಿ ಯಾರೂ ಹೇಳಿಕೊಡಲಾರರು.

ಆಸ್ಪತ್ರೆಯಲ್ಲಿ ಇದನ್ನು ಮಾಡಿಸುವುದು ಸುಲಭವಾಗಲಿಲ್ಲ. "ಒಳಗಿನ ನೆಟ್‌ವರ್ಕ್ ಸಾರ್, ಹೊರಗಿನವರು ಯಾರು ಬರುತ್ತಾರೆ?" ಎಂಬುದೇ ಉತ್ತರ. ನಮಗೆ ಹೊರಗಿನವರಿಂದ ತೊಂದರೆಯಾಗಿಯೇ ಇರಲಿಲ್ಲವಲ್ಲ! ಮುಂದೆ ಕಾಲ ಬದಲಾಯಿತು. 2023ರ ಸೆಪ್ಟೆಂಬರ್‌ನಲ್ಲಿ ಸೌದಿಯ ವೈಯಕ್ತಿಕ ಮಾಹಿತಿ ರಕ್ಷಣಾ ಕಾನೂನು ಜಾರಿಗೆ ಬಂತು, ಆರೋಗ್ಯದ ಮಾಹಿತಿ ಅದರಲ್ಲಿ ಸೂಕ್ಷ್ಮ ಎಂಬ ವರ್ಗಕ್ಕೆ ಸೇರಿದೆ. ಅದೇ ನವೆಂಬರ್‌ನಲ್ಲಿ ಗೂಗಲ್ ತನ್ನ ಕ್ಲೌಡ್ ಕೇಂದ್ರವನ್ನು ನಮ್ಮ ದಮ್ಮಾಮ್‌ನಲ್ಲೇ ತೆರೆಯಿತು. ಸಭೆಗಳಲ್ಲಿ ಆಡಳಿತದವರ ಧ್ವನಿ ಮೃದುವಾಯಿತು. ಸಾಮಾನ್ಯ ಕೀಲಿಯನ್ನು ಒಂದೊಂದಾಗಿ ಎಲ್ಲ ಕಡೆಯಿಂದ ತೆಗೆದುಹಾಕಲು ಸುಮಾರು ಒಂದು ವರ್ಷ ಹಿಡಿಯಿತು. ಆ ಕೀಲಿ ಎಲ್ಲೆಲ್ಲಿ ಇತ್ತೆಂದು ಕೇಳಿದರೆ ನೀವು ನಗುತ್ತೀರಿ, ಒಂದು ಕಡೆ ಹಾಜರಿ ಯಂತ್ರದಲ್ಲೂ ಸಿಕ್ಕಿತು.

ಆದರೂ ಒಂದು ಮಾತು ಹೇಳಬೇಕು. ಈ ಟೋಕನ್‌ಗಳಿಗೆ ಕಳಿಸಿದವರು ಯಾರೆಂದು ಗೊತ್ತು, 40 ಯೂನಿಟ್ ಹೆಚ್ಚಾಯಿತೆಂದು ಗೊತ್ತಿಲ್ಲ. ನಾನೇ ನಿದ್ದೆಗಣ್ಣಿನಲ್ಲಿ ತಪ್ಪು ಬರೆದರೆ ಎಲ್ಲ ಬಾಗಿಲುಗಳೂ ಸಲಾಂ ಹೊಡೆದು ಒಳಗೆ ಬಿಡುತ್ತವೆ. ಆ ದಿನ ಅಜ್ಜನನ್ನು ಉಳಿಸಿದ್ದು ಸಿಸ್ಟರ್. ಅವರು ಈಗ ನಿವೃತ್ತರಾಗಿ ಊರಿಗೆ ಹೋಗಿದ್ದಾರೆ, ಪ್ರತಿ ಓಣಂಗೆ ಫೋನ್ ಮಾಡುತ್ತಾರೆ.

ಮೊನ್ನೆ ರಾತ್ರಿ ಎರಡು ಗಂಟೆಗೆ ಕರೆ ಬಂತು. ಮನೆಯಿಂದಲೇ ಲಾಗಿನ್ ಆಗಿ ಒಂದು ಆದೇಶ ಬರೆದೆ. ಆಸ್ಪತ್ರೆಯ ಆಪ್ ತಕ್ಷಣ ಪರದೆಯಲ್ಲಿ ಕಾಣುವ ಸಂಖ್ಯೆ ಹಾಕಿ ಎಂದಿತು. ಕನ್ನಡಕ ಎಲ್ಲಿಟ್ಟೆನೋ ತಿಳಿಯದು. ಪಕ್ಕದಲ್ಲಿ ಮಲಗಿದ್ದ ನನ್ನಾಕೆಯನ್ನು ಎಬ್ಬಿಸಿ, "ನೋಡೇ, ಇದು 47ಓ 41ಓ?" ಎಂದೆ. "ಏಳು ಕಣ್ರೀ," ಎಂದಳು. ಇನ್ನೂ ಏಳಬೇಕೇ ಎಂದುಕೊಂಡು ಎದ್ದು ಕೂತೆ.