ಆಗುಂಬೆಯ ಮಳೆಗೆ ಚೀಲ ಕಟ್ಟೋಣ

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ ಪಶ್ಚಿಮಘಟ್ಟದ ಅಂಚಿನಲ್ಲಿರುವ ಪುಟ್ಟ ಊರು. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಚಿತ್ರೀಕರಿಸಿದ್ದು ಇಲ್ಲೇ. ಅರಬ್ಬೀ ಸಮುದ್ರದಿಂದ ಬರುವ ಮೋಡಗಳು ಘಟ್ಟ ಹತ್ತುವಾಗ ತಂಪಾಗಿ ಇಲ್ಲಿ ಸುರಿಯುತ್ತವೆ. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ!

ಮಕ್ಕಳೇ, ಬ್ಯಾಂಕಿನಲ್ಲಿ ಲೆಕ್ಕ ಬರೆದವನು ನಾನು. ಈ ಮಳೆಯನ್ನೂ ಲೆಕ್ಕ ಹಾಕೋಣ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ದಿನಕ್ಕೆ 100 ಮಿಲಿಮೀಟರ್ ಸುರಿದರೆ ಅಷ್ಟೇ ಜಾಗಕ್ಕೆ 100 ಲೀಟರ್, ಅಂದರೆ ಏಳೆಂಟು ಕೊಡ. ಇಂಥ ಮಳೆಯಲ್ಲಿ ನಡೆದಾಡಲು ಹೊರಟವರ ಬೆನ್ನ ಚೀಲ ಹೇಗಿರಬೇಕು?

ಚೀಲದ ಮೇಲೊಂದು ಮಳೆ ಹೊದಿಕೆ ಇದ್ದರೆ ಸಾಕು ಎಂದು ಹಲವರು ತಿಳಿದಿರುತ್ತಾರೆ. ಆದರೆ ಹೊದಿಕೆ ಬೆನ್ನಿಗೆ ತಾಗುವ ಭಾಗವನ್ನು ಮುಚ್ಚುವುದಿಲ್ಲ. ಕತ್ತಿನಿಂದ ಇಳಿದ ನೀರು ಅಲ್ಲಿಂದಲೇ ಒಳಗೆ ಹೋಗುತ್ತದೆ. ಹೊಲಿಗೆಯ ತೂತು, ಜಿಪ್ಪಿನ ಸಂದು ಕೂಡ ನೀರಿಗೆ ದಾರಿಯೇ. ಆದ್ದರಿಂದ ಕಾವಲು ಚೀಲದ ಒಳಗೂ ಇರಬೇಕು.

ಮೊದಲು, ಚೀಲದೊಳಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲವನ್ನು ಬಿಡಿಸಿಟ್ಟು, ಸಾಮಾನು ತುಂಬಿ, ಬಾಯಿ ತಿರುಚಿ ಕಟ್ಟಿ. ಒಣಬಟ್ಟೆಗೆ ಡ್ರೈ ಬ್ಯಾಗ್ ಒಳ್ಳೆಯದು. ಇದು 5, 10, 20 ಲೀಟರ್ ಅಳತೆಗಳಲ್ಲಿ ಸಿಗುತ್ತದೆ. ಒಬ್ಬರ ಒಂದು ಜೊತೆ ಬಟ್ಟೆಗೆ 5 ಲೀಟರಿನದು ಸಾಕು. ಕಂಠಪೂರ್ತಿ ತುಂಬಬೇಡಿ. ಗಾಳಿ ಹೊರದೂಡಿ, ಬಾಯನ್ನು ಕನಿಷ್ಠ ಮೂರು ಸುತ್ತು ಚಾಪೆಯಂತೆ ಸುರುಳಿ ಸುತ್ತಿ ಕೊಂಡಿ ಹಾಕಿ. ಎರಡೇ ಸುತ್ತಾದರೆ ನೀರು ನುಸುಳೀತು.

ಅಜ್ಜನ ಬಿ.ಪಿ. ಮಾತ್ರೆ, ಅಜ್ಜಿಯ ಸಕ್ಕರೆ ಕಾಯಿಲೆಯ ಮಾತ್ರೆ ಬಿಗಿ ಮುಚ್ಚಳದ ಡಬ್ಬಿಯಲ್ಲಿರಲಿ. ಬಟ್ಟೆ ಒದ್ದೆಯಾದರೆ ಒಲೆಯ ಮುಂದೆ ಒಣಗಿಸಬಹುದು, ನೆಂದ ಮಾತ್ರೆಯನ್ನು ಒಣಗಿಸಿ ನುಂಗಲಾಗದು. ಕಾಡಂಚಿನ ಊರಿನಲ್ಲಿ ರಾತ್ರಿ ಹೊತ್ತು ಔಷಧಿ ಅಂಗಡಿ ಹುಡುಕುವುದೂ ಸುಲಭವಲ್ಲ. ಎರಡು ದಿನದ ಮಾತ್ರೆಯನ್ನು ಇನ್ನೊಬ್ಬರ ಚೀಲದಲ್ಲೂ ಇಡಿ.

ಹೊರಡುವ ಮುನ್ನ ಪರೀಕ್ಷೆ ಮಾಡುವ ಕೆಲಸ ಮಕ್ಕಳದು. ಚೀಲದೊಳಗೆ ಹಳೆಯ ದಿನಪತ್ರಿಕೆ ತುಂಬಿ, ಬಾಯಿ ಕಟ್ಟಿ, ಹತ್ತು ನಿಮಿಷ ನಲ್ಲಿಯ ಕೆಳಗೆ ಇಡಿ. ಕಾಗದ ಎಲ್ಲಿ ಮೆತ್ತಗಾಗಿದೆಯೋ ಅಲ್ಲಿ ಸೋರುತ್ತದೆ ಎಂದು ಅರ್ಥ.

ಮಲೆನಾಡಿನ ಹಿರಿಯರು ನಾಟಿ ಗದ್ದೆಗೆ ಗೊರಬು ಇಲ್ಲವೇ ಕಂಬಳಿಕೊಪ್ಪೆ ಹೊದ್ದು ಇಳಿಯುತ್ತಿದ್ದರು. ತಲೆಯಿಂದ ಬೆನ್ನಿನವರೆಗೆ ಒಂದೇ ಹೊದಿಕೆ. ಬಿದ್ದ ನೀರು ನಿಲ್ಲದೆ ಜಾರಿ ಹೋಗುತ್ತಿತ್ತು. ನಾವು ಚೀಲ ಕಟ್ಟುವಾಗಲೂ ನೆನಪಿಡಬೇಕಾದ್ದು ಅದೇ: ನೀರಿಗೆ ನಿಲ್ಲಲು ಜಾಗ ಕೊಡಬಾರದು.

ಒದ್ದೆ ಬಟ್ಟೆಗೆ ಬೇರೆಯೇ ಚೀಲ ಒಯ್ಯಿರಿ. ಒಯ್ದ ಪ್ಲಾಸ್ಟಿಕ್ಕನ್ನೆಲ್ಲ ಎಣಿಸಿ ಮನೆಗೆ ತನ್ನಿ. ಆ ಕಾಡು ಕಾಳಿಂಗ ಸರ್ಪದ ಮನೆ, ನಮ್ಮ ಕಸದ ಬುಟ್ಟಿಯಲ್ಲ.