ಹಿತ್ತಿಲ ಸಂದಿಯ ರೋಗಿ

1898ರ ಪ್ಲೇಗಿನ ಕಾಲದಲ್ಲಿ ಪೇಟೆಯ ಇಕ್ಕಟ್ಟಿನ ಮನೆಗಳನ್ನು ಬಿಟ್ಟು ಹೊರಟ ಜನರಿಗೆ ನೆಲೆ ಕೊಟ್ಟ ಬೆಂಗಳೂರಿನ ಬಡಾವಣೆಗಳಲ್ಲಿ ಮಲ್ಲೇಶ್ವರವೂ ಒಂದಾಗಿದ್ದು, ಗಾಳಿ ಬೆಳಕು ಧಾರಾಳವಾಗಿ ಸಿಗಲೆಂದು ಅಲ್ಲಿ ಮನೆಗಳ ಮುಂದೆ ಅಗಲವಾದ ರಸ್ತೆಗಳನ್ನೂ, ಒಂದು ಸಾಲಿನ ಹಿತ್ತಿಲಿಗೂ ಮತ್ತೊಂದು ಸಾಲಿನ ಹಿತ್ತಿಲಿಗೂ ನಡುವೆ ಕಿರಿದಾದ ಸಂದಿಗಳನ್ನೂ ಬಿಡಲಾಯಿತು. ಊರಿನವರು ಇಂದಿಗೂ ‘ಕನ್ಸರ್ವೆನ್ಸಿ’ ಎಂದು ಕರೆಯುವ ಈ ಸಂದಿಗಳು, ಒಳಚರಂಡಿ ಬರುವ ಮೊದಲು, ಮನೆಗಳ ಮಲವನ್ನು ಹೊತ್ತೊಯ್ಯುತ್ತಿದ್ದ ಕಾರ್ಮಿಕರು ಯಾರ ಕಣ್ಣಿಗೂ ಬೀಳದಂತೆ ಬಂದುಹೋಗಬೇಕಾಗಿದ್ದ ದಾರಿಗಳು. ಆ ಕೆಲಸ ಮುಗಿದ ಮೇಲೆ ದಾರಿಗೂ ಕೆಲಸವಿಲ್ಲದಂತಾಗಿ, ಮಲ್ಲೇಶ್ವರದ ಮುಖವೆಲ್ಲ ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆಗಳ ಕಡೆಗೆ ತಿರುಗಿ, ಮುರಿದ ಕಮೋಡು, ಕಟ್ಟಡದ ಕಲ್ಲುಮಣ್ಣು, ಹಳೆಯ ಸ್ಕೂಟರಿನ ಅಸ್ಥಿಪಂಜರ ಇವೆಲ್ಲ ಹಿಂದಿನ ಸಂದಿಗೆ ಸೇರಿದವು. ಬೀದಿಯ ನಾಯಿಗೆ ರೋಗ ಬಂದಾಗ ಅದು ಸೇರುವುದೂ ಅಲ್ಲಿಗೇ.

ಆರೋಗ್ಯವಂತ ಬೀದಿನಾಯಿಯ ದಿನಚರಿಯೆಲ್ಲ ಮುಂಬೀದಿಯಲ್ಲೇ ನಡೆಯುವಂಥದು. ಬೆಳಗಿನ ಜಾವ ನಂದಿನಿ ಬೂತಿನ ಮುಂದೆ ಹಾಜರಾತಿ, ಸ್ಯಾಂಕಿ ಕೆರೆಯ ಕಡೆಗೆ ನಡೆಯುವ ಹಿರಿಯರ ಹಿಂದೆ ಒಂದಷ್ಟು ದೂರದ ಬೆಂಗಾವಲು, ಬಿಸಿಲೇರಿದ ಮೇಲೆ ನಿಂತ ಕಾರಿನ ಕೆಳಗೆ ನಿದ್ರೆ, ಸಂಜೆ ಎಂಟನೇ ಕ್ರಾಸಿನ ಹೂವು ತರಕಾರಿಗಳ ಗದ್ದಲದ ಅಂಚಿನಲ್ಲಿ ಒಂದು ಸುತ್ತು, ರಾತ್ರಿ ಅಪರಿಚಿತರ ಮೇಲೆ ಬೊಗಳುವ ಸ್ವಯಂನೇಮಿತ ಕಾವಲು. ಅದಕ್ಕೆ ಹೆಸರುಗಳೂ ಹಲವು: ಇಸ್ತ್ರಿ ಗಾಡಿಯವನಿಗೆ ಕರಿಯನಾಗಿರುವುದು ಎದುರು ಮನೆಯ ಮಕ್ಕಳಿಗೆ ಟೈಗರ್ ಆಗಿದ್ದು, ಮೂರನೆಯ ಮನೆಯ ಅಜ್ಜಿಗೆ ಬರೀ ‘ಬಾರೋ’ ಆಗಿರುತ್ತದೆ. ಮೈಯ ಕೂದಲು ಉದುರಿ, ಚರ್ಮ ಆನೆಯ ಚರ್ಮದಂತೆ ದಪ್ಪಗಟ್ಟಿ, ವಾಸನೆ ಹೊಡೆಯತೊಡಗಿದ ವಾರದಲ್ಲೇ ಈ ಹೆಸರುಗಳೆಲ್ಲ ಬಿದ್ದುಹೋಗಿ ಅದು ‘ಕಜ್ಜಿ ನಾಯಿ’ ಎಂಬ ಒಂದೇ ಹೆಸರಿಗೆ ಇಳಿಯುತ್ತದೆ. ರೋಗದ ಮೊದಲ ಲಕ್ಷಣ ಇದೇ ಎಂದರೆ ಪಶುವೈದ್ಯರು ಒಪ್ಪಲಿಕ್ಕಿಲ್ಲ, ಬೀದಿಯನ್ನು ಬಲ್ಲವರು ಒಪ್ಪುತ್ತಾರೆ.

ಕಜ್ಜಿ ಎಂಬ ಒಂದು ಮಾತಿನೊಳಗೆ ಕನಿಷ್ಠ ಎರಡು ಬೇರೆ ಬೇರೆ ಕಾಯಿಲೆಗಳು ಅಡಗಿವೆ. ಬರಿಗಣ್ಣಿಗೆ ಕಾಣದಷ್ಟು ಸಣ್ಣದಾದ ಎಂಟು ಕಾಲಿನ ನುಸಿಗಳು ಎರಡಕ್ಕೂ ಕಾರಣವಾದರೂ ಅವುಗಳ ಸ್ವಭಾವ ಒಂದೇ ಅಲ್ಲ. ಸಾರ್ಕಾಪ್ಟಿಸ್ ಎಂಬ ನುಸಿ ಚರ್ಮದ ಮೇಲುಪದರದಲ್ಲಿ ಸುರಂಗ ಕೊರೆದು ಮೊಟ್ಟೆಯಿಡುವುದರಿಂದ ಅಸಹನೀಯ ತುರಿಕೆಯಾಗುತ್ತದೆ. ಇದು ನಾಯಿಯಿಂದ ನಾಯಿಗೆ ಸುಲಭವಾಗಿ ಹರಡುತ್ತದೆ, ಮುಟ್ಟಿದ ಮನುಷ್ಯರಿಗೂ ಕೆಲವು ದಿನ ತುರಿಕೆಯ ಗುಳ್ಳೆಗಳನ್ನು ಕೊಡುತ್ತದೆ, ಆದರೆ ಮನುಷ್ಯನ ಮೈಯಲ್ಲಿ ತನ್ನ ಜೀವನಚಕ್ರವನ್ನು ಪೂರೈಸಲಾರದು. ಡೆಮೊಡೆಕ್ಸ್ ಎಂಬ ಇನ್ನೊಂದು ನುಸಿ ಹಾಲು ಕುಡಿಯುವ ದಿನಗಳಲ್ಲೇ ತಾಯಿಯಿಂದ ಮರಿಗೆ ಬಂದು ಕೂದಲಿನ ಬುಡದಲ್ಲಿ ತೆಪ್ಪಗಿರುವಂಥದಾಗಿದ್ದು, ಹಸಿವಿನಿಂದಲೋ ಬೇರೆ ಕಾಯಿಲೆಯಿಂದಲೋ ಮೈಯ ರೋಗನಿರೋಧಕ ಶಕ್ತಿ ಕುಸಿದಾಗ ಮಾತ್ರ ಲೆಕ್ಕವಿಲ್ಲದಷ್ಟು ಹೆಚ್ಚಿಕೊಳ್ಳುತ್ತದೆ. ಮೊದಲನೆಯದಕ್ಕೆ ನುಸಿಯನ್ನು ಕೊಂದರೆ ಸಾಕು, ಎರಡನೆಯದಕ್ಕೆ ಅನ್ನವೂ ಬೇಕು. ಯಾವುದು ಯಾವುದೆಂದು ತಿಳಿಯಲು ಚರ್ಮವನ್ನು ತುಸು ಕೆರೆದು ಸೂಕ್ಷ್ಮದರ್ಶಕದ ಕೆಳಗೆ ನೋಡುವುದೇ ವಾಡಿಕೆಯ ದಾರಿ. 1958ರಲ್ಲಿ ಆರಂಭವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಮಲ್ಲೇಶ್ವರಕ್ಕೆ ದೂರವೇನೂ ಅಲ್ಲ. ದೂರವಾಗುವುದು ಕಜ್ಜಿ ನಾಯಿಯನ್ನು ಹತ್ತಿಸಿಕೊಳ್ಳುವ ಆಟೋ ಸಿಗುವವರೆಗೆ.

ಆಟೋ ಸಿಗದ ಕಡೆ ಬೀದಿಯ ಸ್ವಂತ ವೈದ್ಯ ಶುರುವಾಗುತ್ತದೆ. ಗಂಧಕವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚುವುದು ಹಳೆಯ ಪದ್ಧತಿಯಾಗಿದ್ದು, ಗಂಧಕಕ್ಕೆ ನುಸಿಯನ್ನು ಕೊಲ್ಲುವ ಗುಣವಿರುವುದರಿಂದ ಅದರಲ್ಲಿ ತಕ್ಕಮಟ್ಟಿನ ತಿಳಿವಳಿಕೆಯಿದೆ. ಗ್ಯಾರೇಜಿನಿಂದ ತಂದ ಸುಟ್ಟ ಆಯಿಲನ್ನು ಮೈತುಂಬ ಬಳಿಯುವುದರಲ್ಲಿ ಯಾವ ತಿಳಿವಳಿಕೆಯೂ ಇಲ್ಲ; ತನ್ನ ಮೈಯನ್ನು ತಾನೇ ನೆಕ್ಕಿಕೊಳ್ಳುವ ಪ್ರಾಣಿಗೆ ಅದು ನೇರವಾಗಿ ವಿಷವನ್ನು ಉಣಿಸಿದಂತೆಯೇ ಸರಿ. ಐವರ್‌ಮೆಕ್ಟಿನ್ ಎಂಬ ಔಷಧಿಯ ಕಥೆ ಇವೆರಡರ ನಡುವಿನದು. ಜಪಾನಿನ ಮಣ್ಣಿನಲ್ಲಿ ಸಿಕ್ಕಿದ ಒಂದು ಸೂಕ್ಷ್ಮಜೀವಿಯಿಂದ ಹುಟ್ಟಿದ ಈ ಔಷಧಿಗಾಗಿ ಸತೋಷಿ ಒಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಬಹುಮಾನದ ಪಾಲು ಸಂದಿತು. ಅದು ನುಸಿಗಳ ಮೇಲೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ದನಗಳಿಗೆಂದು ತಯಾರಾದ ಬಾಟಲಿಯನ್ನು ಮೆಡಿಕಲ್ ಶಾಪಿನಿಂದ ತಂದು, ನಾಯಿಯ ತೂಕವನ್ನು ಕಣ್ಣಳತೆಯಲ್ಲಿ ನಿರ್ಧರಿಸಿ ಕೊಡುವವರಿಗೆ, ಕಾಲಿ ಮುಂತಾದ ಕೆಲವು ತಳಿಗಳಲ್ಲಿ ಇರುವ ಒಂದು ವಂಶವಾಹಿ ದೋಷದಿಂದ ಅದೇ ಔಷಧಿ ಮಿದುಳಿಗೆ ನುಗ್ಗಿ ಜೀವ ತೆಗೆಯಬಹುದು ಎಂಬುದು ಗೊತ್ತಿರುವುದಿಲ್ಲ. ಬೀದಿಯ ನಾಯಿಯ ಅಜ್ಜ ಯಾವ ಬಂಗಲೆಯ ಕಾಂಪೌಂಡು ಹಾರಿ ಬಂದವನೆಂದು ಹೇಳುವವರು ಯಾರು?

ಕಜ್ಜಿ ಕಣ್ಣಿಗೆ ಕಾಣುವ ರೋಗ. ಉಣ್ಣೆಜ್ವರ ಕಾಣದ ರೋಗ. ಕಂದು ಬಣ್ಣದ ನಾಯಿ ಉಣ್ಣೆಯ ಕಡಿತದಿಂದ ರಕ್ತ ಸೇರುವ ಎರ್ಲಿಕಿಯ ಎಂಬ ಸೂಕ್ಷ್ಮಾಣು ಬಿಳಿ ರಕ್ತಕಣಗಳೊಳಗೆ ನೆಲೆಸಿ, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್‌ಗಳ ಸಂಖ್ಯೆಯನ್ನು ಇಳಿಸಿಬಿಡುವುದರಿಂದ, ವಸಡು ಬೆಳ್ಳಗಾಗುವುದು, ಅನ್ನ ಬಿಡುವುದು, ಕೆಲವೊಮ್ಮೆ ಮೂಗಿನಲ್ಲಿ ರಕ್ತ ಸೋರುವುದು ಇದರ ಗುರುತುಗಳು. ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಸುಮಾರು ನಾಲ್ಕು ವಾರ ತಪ್ಪದೆ ಕೊಡುವುದು ಇದಕ್ಕಿರುವ ವಾಡಿಕೆಯ ಚಿಕಿತ್ಸೆ. ಮಲ್ಲೇಶ್ವರದ ಬೀದಿ ಎಡವುವುದು ಇಲ್ಲಿಯೇ, ಅದೂ ಎರಡು ಬಗೆಯಲ್ಲಿ. ನಾಯಿಗೆ ಏನೇ ಆದರೂ ಮೊಸರನ್ನವೇ ಮದ್ದು ಎಂದು ನಂಬಿದ ಮನೆಗಳು ಮಾತ್ರೆಯನ್ನೂ ಮೊಸರನ್ನದ ತುತ್ತಿನಲ್ಲೇ ಅಡಗಿಸುತ್ತವೆ. ಹಾಲು ಮೊಸರುಗಳ ಕ್ಯಾಲ್ಸಿಯಂ ಈ ಮಾತ್ರೆ ಮೈಗೆ ಹತ್ತುವುದನ್ನು ತುಸು ಕಡಿಮೆ ಮಾಡುತ್ತದೆ. ಇದಕ್ಕಿಂತ ದೊಡ್ಡದು ಎರಡನೆಯ ತಪ್ಪು: ಐದಾರು ದಿನಗಳಲ್ಲಿ ನಾಯಿ ಎದ್ದು ಬಾಲ ಅಲ್ಲಾಡಿಸಿತೆಂದರೆ ಮಾತ್ರೆ ನಿಲ್ಲುತ್ತದೆ. ಹಬ್ಬಕ್ಕೆ ಊರಿಗೆ ಹೋದವರು, ಆಫೀಸಿನಿಂದ ತಡವಾಗಿ ಬಂದವರು, ಪಕ್ಕದ ಮನೆಯವರು ಕೊಟ್ಟಿರುತ್ತಾರೆಂದು ನಂಬಿದವರು, ಹೀಗೆ ಎಲ್ಲರ ಕರುಣೆಯ ನಡುವೆ ನಾಯಿ ಔಷಧಿಯಿಲ್ಲದೆ ಉಳಿಯುತ್ತದೆ. ಅರ್ಧ ವಾಸಿಯಾದ ರೋಗ ಕೆಲವು ತಿಂಗಳ ನಂತರ ಮತ್ತೆ ಏಳುತ್ತದೆ. ಬೀದಿಯಲ್ಲಿ ದಯೆಗೆ ಬರವಿಲ್ಲ. ಬರವಿರುವುದು ಸರದಿಗೆ.

ಇನ್ನೊಂದು ರೋಗವನ್ನು ಹೇಳದೆ ಬಿಟ್ಟರೆ ಸಂದಿಯ ಚಿತ್ರ ಪೂರ್ಣವಾಗದು. ಹೆಣ್ಣು ಗಂಡು ನಾಯಿಗಳ ಜನನಾಂಗದಲ್ಲಿ ಹೂಕೋಸಿನಂತೆ ಬೆಳೆದು ರಕ್ತ ತೊಟ್ಟಿಕ್ಕುವ ಗೆಡ್ಡೆಯನ್ನು ಕಂಡು ಜನ ಮುಖ ತಿರುಗಿಸುತ್ತಾರೆ. ಇದು ಕೂಡುವಿಕೆಯ ಮೂಲಕ ಹರಡುವ ಕ್ಯಾನ್ಸರ್ ಆಗಿದ್ದು, ವೈರಸ್ಸಿನಂಥ ಮಧ್ಯವರ್ತಿಯಿಲ್ಲದೆ ಕ್ಯಾನ್ಸರಿನ ಜೀವಕೋಶಗಳೇ ಒಂದು ನಾಯಿಯಿಂದ ಮತ್ತೊಂದು ನಾಯಿಗೆ ನಾಟಿಯಾಗುವುದು ಇದರ ವಿಚಿತ್ರ. ಸಾವಿರಾರು ವರ್ಷಗಳ ಹಿಂದೆ ಎಲ್ಲಿಯೋ ಬದುಕಿದ್ದ ಒಂದೇ ಒಂದು ನಾಯಿಯ ಜೀವಕೋಶಗಳ ವಂಶ ಇಂದು ಮಲ್ಲೇಶ್ವರದ ಸಂದಿಯಲ್ಲೂ ಮುಂದುವರಿಯುತ್ತಿದೆ ಎಂದರೆ ಉತ್ಪ್ರೇಕ್ಷೆಯಲ್ಲ. ನೋಡಲು ಇಷ್ಟು ಭೀಕರವಾದದ್ದು ಚಿಕಿತ್ಸೆಗೆ ಬಹುತೇಕ ಸುಲಭವಾಗಿ ಬಗ್ಗುತ್ತದೆ. ವಾರಕ್ಕೊಮ್ಮೆಯಂತೆ ಕೆಲವು ವಾರ ರಕ್ತನಾಳಕ್ಕೆ ಕೊಡುವ ವಿನ್‌ಕ್ರಿಸ್ಟಿನ್ ಎಂಬ ಔಷಧಿಯಿಂದ ಹೆಚ್ಚಿನ ನಾಯಿಗಳು ಪೂರ್ತಿ ಗುಣವಾಗುತ್ತವೆ. ಈ ಔಷಧಿ ದೊರೆತದ್ದು ಅದೇ ಮನೆಗಳ ಕಾಂಪೌಂಡಿನ ಬದಿಯಲ್ಲಿ ಯಾರೂ ನೀರೆರೆಯದಿದ್ದರೂ ಅರಳುವ ನಿತ್ಯಪುಷ್ಪದ ಗಿಡದಿಂದ. ಹಾಗೆಂದು ಗಿಡವನ್ನು ಅರೆದು ಕುಡಿಸಲು ಹೊರಡಬಾರದು. ಸೂಜಿಯ ತುದಿ ನಾಳದಿಂದ ತುಸು ಜಾರಿದರೂ ಸುತ್ತಲಿನ ಮಾಂಸ ಕೊಳೆಯುವಷ್ಟು ತೀಕ್ಷ್ಣವಾದ ಔಷಧಿ ಇದಾದ್ದರಿಂದ ವೈದ್ಯರ ಕೈಯಲ್ಲೇ ಇರತಕ್ಕದ್ದು.

ಮುಟ್ಟುವ ಮೊದಲು ತಿಳಿದಿರಬೇಕಾದದ್ದು ರೇಬಿಸ್ ಅಥವಾ ಹುಚ್ಚು. ಹುಚ್ಚುನಾಯಿಯೆಂದರೆ ಕಂಡದ್ದನ್ನೆಲ್ಲ ಕಚ್ಚುತ್ತ ಓಡುವ ನಾಯಿ ಎಂದು ಜನ ತಿಳಿದಿದ್ದಾರೆ. ರೇಬಿಸ್‌ಗೆ ಮಂಕು ಬಡಿದಂಥ ಇನ್ನೊಂದು ರೂಪವಿದ್ದು, ಅದರಲ್ಲಿ ಕೆಳದವಡೆ ಜೋತುಬಿದ್ದು, ಜೊಲ್ಲು ಸುರಿದು, ನುಂಗಲಾರದೆ, ನಾಯಿ ಮೂಲೆ ಸೇರಿ ಕೂತಿರುತ್ತದೆ. ಗಂಟಲಿನಲ್ಲಿ ಮೂಳೆ ಸಿಕ್ಕಿಕೊಂಡಿರಬೇಕೆಂದು ಕನಿಕರಪಟ್ಟು ಬಾಯಿಗೆ ಕೈಹಾಕಿದವರಿಗೆ ಅಪಾಯ ತಪ್ಪಿದ್ದಲ್ಲ. ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯರಲ್ಲೂ ಈ ರೋಗಕ್ಕೆ ಮದ್ದಿಲ್ಲವಾದ್ದರಿಂದ, ಅಂಥ ನಾಯಿಯನ್ನು ಮುಟ್ಟದೆ ಪಾಲಿಕೆಯ ಪಶುಪಾಲನಾ ವಿಭಾಗಕ್ಕೆ ತಿಳಿಸುವುದೇ ದಯೆ. ಕಚ್ಚಿದರೆ, ಪರಚಿದರೆ, ಗಾಯಕ್ಕೆ ಜೊಲ್ಲು ತಗುಲಿದರೆ ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ, ಮೆಣಸಿನಪುಡಿಗಳು ಅಡುಗೆಮನೆಯಲ್ಲೇ ಇರಲಿ.

ಇಷ್ಟೆಲ್ಲ ತಿಳಿದ ಮೇಲೂ ಉಳಿಯುವ ಪ್ರಶ್ನೆ ನಾಯಿಯನ್ನು ಎಲ್ಲಿಡಬೇಕು ಎಂಬುದು. ಒಂದು ಮನೆ ಅದನ್ನು ಒಳಗೆ ಕರೆದುಕೊಂಡು ಎರಡು ತಿಂಗಳು ಆರೈಕೆ ಮಾಡಿದರೆ ನಾಯಿಯ ಮೈ ತುಂಬುತ್ತದೆ, ಆದರೆ ಬೀದಿಯಲ್ಲಿ ಅದರ ಜಾಗ ಖಾಲಿ ಉಳಿಯುವುದಿಲ್ಲ. ಪಕ್ಕದ ಕ್ರಾಸಿನ ನಾಯಿ ಅಲ್ಲಿ ಬಂದು ನೆಲೆಸಿರುತ್ತದೆ. ಗುಣವಾಗಿ ಹಿಂತಿರುಗಿದ ನಾಯಿ ಈಗ ಪರದೇಶಿಯಾಗಿ, ಕಚ್ಚಿಸಿಕೊಂಡು, ಮೊದಲಿಗಿಂತ ಕೆಟ್ಟ ಸ್ಥಿತಿಯಲ್ಲಿ ಅದೇ ಸಂದಿಗೆ ಸೇರುವುದುಂಟು. ಆದ್ದರಿಂದ ಒಳಗೆ ಕರೆದುಕೊಳ್ಳುವವರು ಕೊನೆಯವರೆಗೂ ಇಟ್ಟುಕೊಳ್ಳಲು ಸಿದ್ಧರಿರಬೇಕು, ಇಲ್ಲವಾದರೆ ಅದರ ಜಾಗದಲ್ಲೇ ಚಿಕಿತ್ಸೆ ನಡೆಸಬೇಕು. ಹಳೆಯ ಮಲ್ಲೇಶ್ವರದ ಮನೆಗಳಲ್ಲಿ ಜಗುಲಿ ಇದ್ದಾಗ ಈ ಎರಡರ ನಡುವೆ ಒಂದು ಜಾಗವಿತ್ತು: ಜಗುಲಿಯ ಮೇಲೆ ಮಲಗಿದ ನಾಯಿ ಮನೆಯದೂ ಹೌದು, ಬೀದಿಯದೂ ಹೌದು. ಜಗುಲಿ ಹೋಗಿ ಗೇಟು ಬಂದಿತು, ಗೇಟಿನ ಹಿಂದೆ ಅಪಾರ್ಟ್‌ಮೆಂಟು ಬಂದಿತು. ಈಗ ರೋಗದ ನಾಯಿಗೆ ಗೋಣಿಚೀಲ ಹಾಸಿಕೊಡುವವರು ಹೆಚ್ಚಾಗಿ ಇಸ್ತ್ರಿ ಗಾಡಿಯವರು, ರಾತ್ರಿಯ ಸೆಕ್ಯೂರಿಟಿಯವರು, ಹೂ ಮಾರುವ ಹೆಂಗಸರು, ಎಂದರೆ ಆ ಬೀದಿಯಲ್ಲಿ ಸ್ವಂತ ಮನೆಯಿಲ್ಲದವರು. ಬಿಸ್ಕತ್ತು ಹಾಕುವವರ ಸಂಖ್ಯೆ ಮನೆಯಿರುವವರಲ್ಲಿ ದೊಡ್ಡದು ಎಂಬುದನ್ನೂ ನ್ಯಾಯವಾಗಿ ಒಪ್ಪಬೇಕು.

ನಾಯಿಯ ಮಾತು ಬಂದಾಗ ಎಲ್ಲರೂ ಧರ್ಮರಾಯನನ್ನು ನೆನೆಯುತ್ತಾರೆ. ಅವನ ನಾಯಿಗೆ ಕಜ್ಜಿಯಿರಲಿಲ್ಲ, ಮಾತ್ರೆ ನುಂಗಿಸುವ ಕಷ್ಟವೂ ಅವನಿಗೆ ಬರಲಿಲ್ಲ. ಈ ವಿಷಯಕ್ಕೆ ಹೆಚ್ಚು ಹತ್ತಿರದ್ದು ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ. ಹತ್ತನೆಯ ಶತಮಾನದ ನಡುವಿನ ಈ ಕನ್ನಡ ಶಾಸನದಲ್ಲಿ, ಗಂಗರ ಬೂತುಗನ ಕಡೆಯ ವೀರ ಮಣಲೇರ, ಚೋಳರ ವಿರುದ್ಧ ನಡೆದ ತಕ್ಕೋಲದ ಯುದ್ಧದಲ್ಲಿ ತೋರಿದ ಪರಾಕ್ರಮಕ್ಕೆ ಮೆಚ್ಚುಗೆಯಾಗಿ ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದದ್ದೂ, ಆ ನಾಯಿ ಹಂದಿಯೊಡನೆ ಹೋರಾಡಿ ಎರಡೂ ಸತ್ತದ್ದೂ ದಾಖಲಾಗಿವೆ. ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲನ್ನು ನೋಡುವವರು ನಾಯಿ ಹಂದಿಗಳ ಕೆತ್ತನೆಯನ್ನು ಮೆಚ್ಚಿ ಮುಂದೆ ಹೋಗುತ್ತಾರೆ. ಶಾಸನದ ನಿಜವಾದ ಜಾಣತನ ಬೇರೆಡೆಯಿದೆ: ಕಲ್ಲನ್ನು ನೆಟ್ಟು ಕೈತೊಳೆದುಕೊಳ್ಳದೆ, ಅದಕ್ಕೆ ಭೂಮಿಯನ್ನು ಬಿಟ್ಟು, ದೇವಾಲಯದ ಗೊರವ, ಎಂದರೆ ಶೈವ ಪೂಜಾರಿ, ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪಕ್ಕೆ ಗುರಿಯಾಗುವನೆಂದೂ ಬರೆಸಲಾಯಿತು. ಯಾರು ಮಾಡಬೇಕು, ಯಾವ ಆದಾಯದಿಂದ ಮಾಡಬೇಕು, ಮಾಡದಿದ್ದರೆ ಏನು ಎಂಬ ಮೂರೂ ಅಲ್ಲಿವೆ. ಸತ್ತ ನಾಯಿಯ ಬಗ್ಗೆ ಆತಕೂರು ಮಾಡಿದ ಈ ಏರ್ಪಾಡನ್ನು ಬದುಕಿರುವ ನಾಯಿಯ ಬಗ್ಗೆ ಒಂದು ಬೀದಿ ಮಾಡಲಾರದೆ?

ಇಂದಿನ ಕಾನೂನು ಸ್ವಲ್ಪ ಮಟ್ಟಿಗೆ ಇದನ್ನೇ ಹೇಳಲು ಹೊರಟಿದೆ. 2001ರ ನಿಯಮಗಳ ಬದಲಿಗೆ ಬಂದ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಬೀದಿನಾಯಿಗಳನ್ನು ಸಮುದಾಯದ ಪ್ರಾಣಿಗಳೆಂದು ಪರಿಗಣಿಸಿ, ಅವುಗಳಿಗೆ ಆಹಾರ ಹಾಕುವ ವ್ಯವಸ್ಥೆಯನ್ನು ನಿವಾಸಿಗಳ ಸಂಘ ಮುಂತಾದವುಗಳ ಹೊಣೆಯಾಗಿಸಿದವು. ಶಸ್ತ್ರಚಿಕಿತ್ಸೆ, ಲಸಿಕೆ ಆದ ನಾಯಿಯ ಕಿವಿಯ ತುದಿಯನ್ನು ಗುರುತಿಗಾಗಿ ಕತ್ತರಿಸಿ ಹಿಡಿದ ಜಾಗಕ್ಕೇ ಬಿಡಬೇಕೆಂದವು. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟು ರೇಬಿಸ್ ತಗುಲಿದ ಮತ್ತು ಆಕ್ರಮಣಶೀಲವಾದ ನಾಯಿಗಳನ್ನು ಇದರಿಂದ ಹೊರಗಿಟ್ಟು, ಕಂಡಕಂಡಲ್ಲಿ ಅನ್ನ ಹಾಕದೆ ಗೊತ್ತುಪಡಿಸಿದ ಜಾಗದಲ್ಲೇ ಹಾಕಬೇಕೆಂದು ಹೇಳಿತು. ಬೆಂಗಳೂರಿನಲ್ಲಿ 2023ರ ಗಣತಿಯ ಪ್ರಕಾರ ಬೀದಿನಾಯಿಗಳು ಸುಮಾರು 2.79 ಲಕ್ಷ, 1991ರಲ್ಲಿ ಆರಂಭವಾದ ಕ್ಯೂಪಾದಂಥ ಪ್ರಾಣಿದಯಾ ಸಂಸ್ಥೆಗಳು ಎಷ್ಟೇ ದುಡಿದರೂ ಈ ಸಂಖ್ಯೆಯ ಮುಂದೆ ಅವುಗಳ ಪಂಜರಗಳು ಕೆಲವೇ. ನಾಯಿಗಳಿಗೆ ಹೆದರಿ ಮಕ್ಕಳನ್ನು ಹೊರಗೆ ಬಿಡದ ತಾಯಂದಿರ ಅಳಲೂ ಸುಳ್ಳಲ್ಲ. ಲಸಿಕೆ ಹಾಕಿಸಿಕೊಂಡು, ಹೊಟ್ಟೆ ತುಂಬಿ, ಒಂದು ಜಾಗದಲ್ಲಿ ನೆಲೆನಿಂತ ನಾಯಿಯಿಂದ ಅವರಿಗೆ ಬರುವ ಭಯ ಕಡಿಮೆ ಎಂಬುದೇ ನಾಯಿಗೆ ಅನ್ನ ಹಾಕುವವರಿಗೂ ಈ ತಾಯಂದಿರಿಗೂ ನಡುವೆ ಸದ್ಯಕ್ಕೆ ಇರುವ ಒಡಂಬಡಿಕೆ.

ಆದ್ದರಿಂದ ಸಂದಿಯಲ್ಲಿ ಕೂತ ನಾಯಿಯನ್ನು ಎತ್ತಿಕೊಳ್ಳಬೇಕೆನ್ನುವವರು ಮೊದಲು ವೈದ್ಯರನ್ನು ಕೇಳಿ ತಾವು ರೇಬಿಸ್ ಮುನ್ನೆಚ್ಚರಿಕೆ ಲಸಿಕೆಯನ್ನು ಹಾಕಿಸಿಕೊಳ್ಳಲಿ; ಆಮೇಲೆ ಅಕ್ಕಪಕ್ಕದ ನಾಲ್ಕು ಮನೆಯವರನ್ನೂ ಇಸ್ತ್ರಿ ಗಾಡಿಯವರನ್ನೂ ಕೂಡಿಸಿ, ಮಾತ್ರೆ ಯಾವ ದಿನ ಯಾರದು, ಆಸ್ಪತ್ರೆಯ ಖರ್ಚಿನಲ್ಲಿ ಯಾರ ಪಾಲು ಎಷ್ಟು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಗೇಟಿಗೆ ಅಂಟಿಸಲಿ.