ರಿಸಲ್ಟ್ ಬಂದ್ಮೇಲೆ ಕೇಳೋ ಪ್ರಶ್ನೆ ಅಲ್ಲ ಇದು



ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನದಿಂದ ನನ್ನ ಫೋನಿಗೆ ಬಿಡುವಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಎಲ್ಲಾ ಕಡೆಯಿಂದಲೂ ಒಂದೇ ಮಾತು: "ಅಣ್ಣಾ, ಹುಡುಗ ಪಾಸಾಗವ್ನೆ, ಮುಂದಕ್ಕೆ ಏನ್ ಓದ್ಸೋದು?" ಕೇಳೋರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಇದು ಎಂಟನೇ ಕ್ಲಾಸಲ್ಲಿ ಕೇಳಬೇಕಾದ ಪ್ರಶ್ನೆ. ಹತ್ತು ಮುಗಿಯೋ ಹೊತ್ತಿಗೆ ಅರ್ಧ ಬಾಗಿಲು ಮುಚ್ಚಿರ್ತವೆ. ಮುಚ್ಚಿದೋರು ಯಾರು ಅಂತಾನೂ ಗೊತ್ತಾಗಲ್ಲ.

ರಿಸಲ್ಟ್ ಬರೋ ಕಾಲವನ್ನೇ ನೋಡಿ. ಶ್ರೀನಿವಾಸಪುರದ ಕಡೆ ಅದು ಮಾವಿನ ಕಾಲ. ಮಂಡಿಯಲ್ಲಿ ಕ್ರೇಟು ತುಂಬೋಕೆ, ಲಾರಿಗೆ ಲೋಡು ಮಾಡೋಕೆ ಹುಡುಗ್ರು ಬೇಕು, ಕೂಲಿ ಸಂಜೆಗೇ ಕೈಗೆ ಬರುತ್ತೆ. ಪಿಯುಸಿ ಅಡ್ಮಿಷನ್ ನಡೆಯೋದೂ ಅದೇ ದಿನಗಳಲ್ಲಿ. "ಸೀಸನ್ ಮುಗೀಲಿ, ಆಮೇಲೆ ಸೇರ್ಕೊಂತೀನಿ" ಅಂದ ಹುಡುಗ್ರಲ್ಲಿ ಎಷ್ಟು ಜನ ಆಮೇಲೆ ಸೇರಿದ್ರು? ಮಾಲೂರಲ್ಲಿ ಇಟ್ಟಿಗೆ ಗೂಡು, ಹೆಂಚಿನ ಫ್ಯಾಕ್ಟರಿ. ಕೋಲಾರದ ಕಡೆ ನರಸಾಪುರ, ವೇಮಗಲ್. ಕಂಪನಿ ಬಸ್ಸು ಊರ ಹತ್ರಕ್ಕೇ ಬರುತ್ತೆ, ಕಾಲೇಜಿಗೆ ಹೋಗೋಕೆ ಮೂರು ಕಿಲೋಮೀಟರ್ ನಡೀಬೇಕು.

ಕಂಪನಿ ಕೆಲಸ ಕೀಳು ಅಂತ ನಾನು ಹೇಳ್ತಿಲ್ಲ. ಆ ಸಂಬಳದಿಂದ ಎಷ್ಟೋ ಮನೆ ನಿಂತಿವೆ. ಆದ್ರೆ 2020ರ ಡಿಸೆಂಬರ್‌ನಲ್ಲಿ ನರಸಾಪುರದ ಐಫೋನ್ ಫ್ಯಾಕ್ಟರಿಯಲ್ಲಿ ಸಂಬಳದ ವಿಚಾರಕ್ಕೆ ಏನಾಯ್ತು ಅಂತ ಎಲ್ರೂ ನೋಡಿದೀವಿ. ಅಲ್ಲಿ ದುಡೀತಿದ್ದವರಲ್ಲಿ ಬಹುಪಾಲು ಗುತ್ತಿಗೆ ಕಾರ್ಮಿಕರು. ಅದೇ ಗೇಟಿನೊಳಕ್ಕೆ ಡಿಪ್ಲೊಮಾ ಹಿಡಿದು ಹೋಗೋದು ಬೇರೆ, ಬರೀ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಹಿಡಿದು ಹೋಗೋದು ಬೇರೆ. ಎಸ್ಸೆಸ್ಸೆಲ್ಸಿ ಆದ್ಮೇಲೆ ಪಾಲಿಟೆಕ್ನಿಕ್ ಮೂರು ವರ್ಷ. ಅಲ್ಲಿಂದ ಡಿಸಿಇಟಿ ಬರೆದ್ರೆ ನೇರ ಎರಡನೇ ವರ್ಷದ ಎಂಜಿನಿಯರಿಂಗ್. ಪಿಯುಸಿ ಸೈನ್ಸಿಗೆ ಹೆದರೋ ಮಕ್ಕಳಿಗೆ ಇದು ಒಳ್ಳೇ ದಾರಿ. ನಮ್ಮ ಕೇರಿಗಳಲ್ಲಿ ಹತ್ತು ಮನೆ ತಟ್ಟಿದ್ರೆ ಒಂದು ಮನೇಲೂ ಇದು ಗೊತ್ತಿರಲ್ಲ.

ನಾನು ಹತ್ತರಲ್ಲಿದ್ದಾಗ ಮೇಷ್ಟ್ರೊಬ್ರು ಹಾಸ್ಟೆಲ್ ಹುಡುಗ್ರನ್ನ ಒಂದು ಕಡೆ ನಿಲ್ಲಿಸಿ, "ನಿಮ್ಗೆಲ್ಲಾ ಆರ್ಟ್ಸ್ ಸಾಕು ಕಣ್ರೋ, ಹೆಂಗೂ ಸ್ಕಾಲರ್‌ಶಿಪ್ ಬರ್ತದೆ" ಅಂದಿದ್ರು. ಬೈಗುಳ ಅಲ್ಲ, ಬುದ್ಧಿಮಾತು ಅಂತಲೇ ಹೇಳಿದ್ದು. ಬಾಬಾಸಾಹೇಬರು ಮುಂಬೈನ ಎಲ್ಫಿನ್‌ಸ್ಟನ್ ಹೈಸ್ಕೂಲಲ್ಲಿ ಓದ್ತಿದ್ದಾಗ ಸಂಸ್ಕೃತ ತಗೋಬೇಕು ಅಂತಿದ್ರು. ಅಸ್ಪೃಶ್ಯರಿಗೆ ಅದನ್ನ ಕಲಿಸಲ್ಲ ಅಂದ್ರು, ಪರ್ಷಿಯನ್ ತಗೋಬೇಕಾಯ್ತು. ವಿಷಯದ ಆಯ್ಕೆ ಅನ್ನೋದು ನಮ್ಮ ಮಟ್ಟಿಗೆ ಆಗಿನಿಂದಲೂ ಬೇರೆಯವರು ಬರೆದಿಟ್ಟ ಚೀಟಿ. ಆ ಹುಡುಗನನ್ನ ಗಮನಿಸಿದವರು ಕೃಷ್ಣಾಜಿ ಅರ್ಜುನ್ ಕೇಳುಸ್ಕರ್. 1907ರಲ್ಲಿ ಮೆಟ್ರಿಕ್ ಪಾಸಾದಾಗ ತಾವು ಬರೆದ ಬುದ್ಧನ ಜೀವನಚರಿತ್ರೆ ಕೊಟ್ರು, ಆಮೇಲೆ ಬರೋಡ ಮಹಾರಾಜರಿಗೆ ಹೇಳಿ ತಿಂಗಳಿಗೆ 25 ರೂಪಾಯಿ ಸ್ಕಾಲರ್‌ಶಿಪ್ ಕೊಡಿಸಿದ್ರು. ಕೊಲಂಬಿಯಾ ಆದದ್ದು ಅದರ ನಂತರ.

ಇನ್ನೊಂದು ಮಾತು. ಮುಳಬಾಗಿಲಿನ ಡಿವಿಜಿ ಮೆಟ್ರಿಕ್ಯುಲೇಷನ್ ಪಾಸಾಗಲಿಲ್ಲ, ಆದ್ರೂ ಡಿವಿಜಿ ಆದ್ರು. ಶಾಲಾ ಸಮಾರಂಭಗಳಲ್ಲಿ ಇದನ್ನ ಹೇಳಿ "ಮಾರ್ಕ್ಸ್ ಮುಖ್ಯ ಅಲ್ಲ ಮಕ್ಕಳೇ" ಅನ್ನೋರಿದಾರೆ. ಅವರದು ತಲೆಮಾರುಗಳಿಂದ ಅಕ್ಷರ ಇದ್ದ ಮನೆ. ನಮ್ಮ ಹುಡುಗ ಫೇಲಾದ್ರೆ ಮಾರನೇ ದಿನ ಇಟ್ಟಿಗೆ ಗೂಡಲ್ಲಿರ್ತಾನೆ. ನಮಗೆ ಮಾರ್ಕ್ಸ್ ಮುಖ್ಯಾನೇ.

ಈಗ ಎಂಟನೇ ಕ್ಲಾಸು ಅಂತ ಯಾಕಂದೆ ಹೇಳ್ತೀನಿ. ಒಂದರಿಂದ ಹತ್ತರವರೆಗೆ ಪೂರ್ತಿ ಹಳ್ಳಿ ಶಾಲೇಲೇ ಓದಿದ್ರೆ ಸಿಇಟಿಯಲ್ಲಿ ಗ್ರಾಮೀಣ ಕೋಟಾ ಸಿಗುತ್ತೆ. ಹತ್ತೂ ವರ್ಷ ಕನ್ನಡ ಮಾಧ್ಯಮ ಆಗಿದ್ರೆ ಅದಕ್ಕೂ ಕೋಟಾ. ನಮ್ಮ ಎಸ್‌ಸಿ ಸೀಟುಗಳ ಒಳಗೂ ಇವೆರಡೂ ಇವೆ. ಮಗೂನ ಎಂಟಕ್ಕೆ ಊರಿಂದ ತಂದು ಕೋಲಾರ ಟೌನಿನ ಇಂಗ್ಲಿಷ್ ಮೀಡಿಯಂಗೆ ಹಾಕಿದ್ರೆ ಎರಡೂ ಹೋಯ್ತು. ಹಾಕಬೇಡಿ ಅಂತಲ್ಲ, ಒಳ್ಳೇ ಶಾಲೆ ಆದ್ರೆ ಹಾಕಿ. ಏನು ಕೊಟ್ಟು ಏನು ತಗೋತಿದೀವಿ ಅಂತ ತಿಳ್ಕೊಂಡು ಹಾಕಿ. ಊರಲ್ಲೇ ಓದಿದ ಮಕ್ಕಳು ಆ ಸರ್ಟಿಫಿಕೇಟುಗಳಿಗೆ ಬಿಇಒ ಸಹಿ ಮಾಡಿಸಿ ಇಟ್ಕೊಳ್ಳಿ.

ಮತ್ತೆ ಹೆಸರಿನ ಗೋಳು. ಆಧಾರ್‌ನಲ್ಲಿ ಮುನಿವೆಂಕಟಪ್ಪ, ಶಾಲೆ ದಾಖಲಾತೀಲಿ ವೆಂಕಟೇಶಪ್ಪ. ಅಣ್ಣನ ಜಾತಿ ಪ್ರಮಾಣಪತ್ರದಲ್ಲಿ ಆದಿ ಕರ್ನಾಟಕ, ತಮ್ಮನದರಲ್ಲಿ ಮಾದಿಗ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ಒಂದು ಸಲ ಅಚ್ಚಾದ ಮೇಲೆ ತಿದ್ದಿಸೋಕೆ ಚಪ್ಪಲಿ ಸವೀಬೇಕು. ಒಂಬತ್ತರಲ್ಲೇ ಎಲ್ಲಾ ಪತ್ರ ಒಟ್ಟಿಗೆ ಇಟ್ಟು ಓದಿ ನೋಡಿ. ಜಾತಿ, ಆದಾಯ ಎರಡೂ ನಾಡಕಚೇರಿಯಲ್ಲಿ ಮೊದಲೇ ಮಾಡ್ಸಿಡಿ. ವರ್ಷದ ಆದಾಯ ಎರಡೂವರೆ ಲಕ್ಷದ ಒಳಗಿದ್ರೆ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ ನಿಮ್ಮ ಹಕ್ಕು, ಯಾರ ದಯೆನೂ ಅಲ್ಲ.

ಮುಳಬಾಗಿಲು ಕಡೆ ಹಾಸ್ಟೆಲೊಂದರಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿ ಸಿಕ್ಕಿದ್ಳು. ಮನೇಲಿ ತೆಲುಗು, ಶಾಲೇಲಿ ಕನ್ನಡ. ತಾತನಿಗೆ ಸರ್ಕಾರ ಕೊಟ್ಟಿದ್ದ ಜಮೀನು ಕೈತಪ್ಪಿ, ಅಪ್ಪ ಪಿಟಿಸಿಎಲ್ ಕೇಸು ಹಾಕ್ಕೊಂಡು ಎಸಿ ಆಫೀಸಿಗೆ ಅಲೀತಿದಾನೆ. ಒಂದಿನ ಅವಳೂ ಜೊತೇಲಿ ಹೋಗಿದ್ಳಂತೆ. "ನಮ್ ಲಾಯರ್ ಏನೂ ಮಾತಾಡ್ಲೇ ಇಲ್ಲ ಅಣ್ಣಾ. ನಾನಾಗಿದ್ರೆ ಮಾತಾಡ್ತಿದ್ದೆ" ಅಂದ್ಳು. ಮಾರ್ಕ್ಸ್ ಚೆನ್ನಾಗಿದೆ ಅಂತ ಎಲ್ರೂ ಅವಳಿಗೆ ಸೈನ್ಸೇ ತಗೋ ಅಂತಿದಾರೆ. ಪಿಯುಸಿಯಲ್ಲಿ ಯಾವ ವಿಷಯ ಓದಿದ್ರೂ ಐದು ವರ್ಷದ ಲಾ ಮಾಡಬಹುದು, ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲ್ ಇದೇ ಬೆಂಗಳೂರಲ್ಲಿದೆ, ಅದಕ್ಕೆ ಕ್ಲ್ಯಾಟ್ ಅಂತ ಪರೀಕ್ಷೆ ಇದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಆ ಪರೀಕ್ಷೆ ಇಂಗ್ಲಿಷಲ್ಲಿ. ಅವಳ ಕೈಯಲ್ಲಿ ಇನ್ನೂ ಮೂರು ವರ್ಷ ಇದೆ. ದಿನಕ್ಕೊಂದು ಪುಟ ಇಂಗ್ಲಿಷ್ ಪೇಪರ್ ಓದಿಸೋರು ಒಬ್ರು ಬೇಕು, ಅಷ್ಟೆ. ಸೈನ್ಸ್ ತಗೊಂಡವರೇ ಜಾಣರು ಅನ್ನೋ ಭ್ರಮೆ ನಮ್ಮ ಮುಖಂಡರಲ್ಲೂ ಇದೆ. ಜಮೀನು ಕೇಸುಗಳು ಬಿದ್ದಿರೋ ಈ ಜಿಲ್ಲೇಲಿ ನಮಗೆ ಎಂಜಿನಿಯರ್‌ಗಳಿಗಿಂತ ಮಾತಾಡೋ ವಕೀಲರು ಬೇಕಾಗಿದಾರೆ ಅಂತ ನನಗನ್ನಿಸುತ್ತೆ. ಒಪ್ಪದವರು ಜಗಳಕ್ಕೆ ಬನ್ನಿ.

ಜೂನ್‌ನಿಂದ ನಾವು ಕೆಲವರು ಭಾನುವಾರಗಳಲ್ಲಿ ನಾಲ್ಕೂ ತಾಲ್ಲೂಕಿನ ಹಾಸ್ಟೆಲುಗಳಿಗೆ ಹೋಗ್ತಿದೀವಿ. ಭಾಷಣ ಇಲ್ಲ, ಹಾರ ಇಲ್ಲ, ಫೋಟೋನೂ ಬೇಡ. ಎಂಟು, ಒಂಬತ್ತರ ಮಕ್ಕಳ ಜೊತೆ ಕೂತು ಮಾತಾಡೋದು, ಪತ್ರಗಳನ್ನ ನೋಡೋದು. ಪಾಲಿಟೆಕ್ನಿಕ್ ಓದಿದೋರು, ನರ್ಸಿಂಗ್ ಮಾಡಿದೋರು, ಕಂಪನೀಲಿ ಇರೋರು, ಯಾರಾದ್ರೂ ಬನ್ನಿ. ಯಾವ ತಾಲ್ಲೂಕು, ಯಾವ ಭಾನುವಾರ ಬಿಡುವು ಅಂತ ಕೆಳಗೆ ಬರೀರಿ. ಮುಳಬಾಗಿಲಿಗೆ ಮಾತ್ರ ವಕೀಲರಾಗಿರೋ ಅಕ್ಕ ಒಬ್ರಾದ್ರೂ ಬೇಕೇ ಬೇಕು. ಆ ಹುಡುಗಿಗೆ ಕರ್ಕೊಂಡ್ ಬರ್ತೀನಿ ಅಂತ ಹೇಳಿಬಿಟ್ಟಿದೀನಿ.